ಕಡಿಮೆ ಖರ್ಚಿನ ಮೊದಲ ಪ್ರವಾಸ: ಬುತ್ತಿ ಕಟ್ಟಿ, ಬಸ್ ಹತ್ತಿ

ನಮ್ಮ ಕಡೆಯ ಹೆಣ್ಣುಮಕ್ಕಳು ಊರು ಬಿಟ್ಟು ಹೊರಗೆ ಹೋಗುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ತವರಿಗೆ ಹೋಗುತ್ತೇವೆ, ಬೀಗರ ಮನೆಯ ಮದುವೆ-ಕುಬಸಕ್ಕೆ ಹೋಗುತ್ತೇವೆ, ಜಾತ್ರೆಗೆ ಹೋಗುತ್ತೇವೆ, ಕೂಸಿಗೆ ಜ್ವರ ಇಳಿಯದಿದ್ದರೆ ವಿಜಯಪುರದ ದವಾಖಾನೆಗೆ ಓಡುತ್ತೇವೆ. ಆದರೆ ಸುಮ್ಮನೆ ನೋಡಿ ಬರೋಣ ಎಂಬ ಒಂದೇ ಕಾರಣಕ್ಕೆ ಸೀರೆ ಉಟ್ಟು ಬಸ್‌ಸ್ಟ್ಯಾಂಡಿಗೆ ಬಂದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ?

ದೇವರ ಹಿಪ್ಪರಗಿಯ ನಮ್ಮ ಓಣಿಯಲ್ಲಿ ಅರವತ್ತು ದಾಟಿದ ದೊಡ್ಡವ್ವ ಒಬ್ಬರಿದ್ದಾರೆ. ಹೆರಿಗೆಗೆ, ಕಣ್ಣಿನ ಆಪರೇಶನ್ನಿಗೆ, ಮಗನ ಕೋರ್ಟ್ ಕೆಲಸಕ್ಕೆ ಅಂತ ವಿಜಯಪುರಕ್ಕೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. ಗೋಳಗುಮ್ಮಟದ ಒಳಗೆ ಮಾತ್ರ ಕಾಲಿಟ್ಟವರಲ್ಲ. ಕೇಳಿದರೆ, "ಬಸ್ಸಿನ್ಯಾಗಿಂದ ನೋಡೀನಿ ಬಿಡ ತಂಗೀ, ಒಳಗೇನೈತಿ ನೋಡಾಕ?" ಎನ್ನುತ್ತಿದ್ದರು. ದೂರದೂರಿಂದ, ಹೊರದೇಶದಿಂದ ಜನ ಬಂದು ನೋಡುವ ಕಟ್ಟಡ ನಮಗೆ ಒಂದೂವರೆ ತಾಸಿನ ಹಾದಿ. ಅಡ್ಡ ಬಂದದ್ದು ಹಾದಿಯಲ್ಲ. ಒಂದು ರೊಕ್ಕ, ಇನ್ನೊಂದು ‘ಯಾರ ಜೋಡಿ ಹೋಗಲಿ’ ಎಂಬ ಅಂಜಿಕೆ, ಮೂರನೆಯದು ‘ಮನೆ ಬಿಟ್ಟು ತಿರುಗಾಕ ಹೊಂಟಾಳ’ ಎಂಬ ಮಂದಿಯ ಮಾತು. ಮೂರನೆಯದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಮೊದಲಿನ ಎರಡರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ರೊಕ್ಕದ ದೊಡ್ಡ ಭಾಗ ಬಸ್ ಚಾರ್ಜು ಆಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಹೋದರೂ ಟಿಕೆಟ್ಟಿನ ದುಡ್ಡಿಲ್ಲ. ನಮ್ಮ ಜಿಲ್ಲೆಯ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆಯವು, ಬಾಗಲಕೋಟೆ ಕಡೆಯವು ವಾಯವ್ಯ ಸಾರಿಗೆಯವು. ಯಾವುದಾದರೂ ನಡೆಯುತ್ತದೆ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಲ್ಲಿ ನಡೆಯುವುದಿಲ್ಲ. ಖಾಸಗಿ ಬಸ್ಸಿನ ಮಾತಂತೂ ಬೇಡವೇ ಬೇಡ.

ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇರಬೇಕು ಎಂಬುದನ್ನು ಮರೆಯಬೇಡಿ. ನಮ್ಮ ಗಡಿ ಭಾಗದಲ್ಲಿ ಸೋಲಾಪುರ, ಅಕ್ಕಲಕೋಟ ಕಡೆಯಿಂದ ಸೊಸೆಯಾಗಿ ಬಂದವರು ಬಹಳ. ಅವರಲ್ಲಿ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಇನ್ನೂ ತವರಿನ ವಿಳಾಸವೇ ಇದೆ. ಆ ಕಾರ್ಡು ತೋರಿಸಿದರೆ ಕಂಡಕ್ಟರ್ ಪೂರ್ತಿ ದುಡ್ಡು ಕೇಳುತ್ತಾನೆ, ಅವನ ತಪ್ಪೇನೂ ಇಲ್ಲ. ಪ್ರವಾಸದ ವಿಚಾರ ಮಾಡುವ ಮೊದಲೇ ವಿಳಾಸ ಬದಲಿಸಿಕೊಳ್ಳಿ. ಇನ್ನು ದುಡ್ಡಿಲ್ಲ ಅಂತ ಟಿಕೆಟ್ ತೆಗೆದುಕೊಳ್ಳದೆ ಕೂರಬಾರದು. ಶೂನ್ಯ ದರದ ಚೀಟಿ ಕೇಳಿ ಪಡೆದು, ಇಳಿಯುವತನಕ ಇಟ್ಟುಕೊಳ್ಳಿ. ಇಳಿಯುವ ಊರಿನ ಹೆಸರನ್ನೂ ಪೂರ್ತಿ ಹೇಳಿ. ಬರಿ ‘ಹಿಪ್ಪರಗಿ’ ಅಂದರೆ ದೇವರ ಹಿಪ್ಪರಗಿಯೋ, ಬಸವನ ಬಾಗೇವಾಡಿ ಕಡೆಯ ಹೂವಿನ ಹಿಪ್ಪರಗಿಯೋ, ಜಮಖಂಡಿ ಕಡೆ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದ ಹಿಪ್ಪರಗಿಯೋ ಯಾರಿಗೆ ಗೊತ್ತು? ತಿರುಗಿ ಬರುವಾಗ ಬೋರ್ಡು ಓದಿ, ಡ್ರೈವರನನ್ನು ಕೇಳಿ, ಆಮೇಲೆ ಹತ್ತಿ.

ಆರು ವರ್ಷ ದಾಟಿದ ಗಂಡುಮಗು ಜೊತೆಗಿದ್ದರೆ ಅವನಿಗೆ ಅರ್ಧ ಟಿಕೆಟ್ಟು. ಮನೆಯವರು ಬಂದರೆ ಅವರದು ಪೂರ್ತಿ. ಹೀಗಾಗಿ ಈಗಿನ ಲೆಕ್ಕದಲ್ಲಿ ನಮ್ಮ ಪ್ರವಾಸದ ಅತಿ ತುಟ್ಟಿ ಸಾಮಾನು ಯಾವುದು ಅಂದರೆ ಗಂಡ! ಇದನ್ನು ನಮ್ಮ ಮನೆಯವರಿಗೇ ಹೇಳಿದೆ. "ಹಂಗಾರ ನೀವ್ ನೀವೇ ಹೋಗ್ರಿ" ಎಂದುಬಿಟ್ಟರು. ಅವರು ಸಿಟ್ಟಿನಿಂದ ಅಂದರೋ ನಗುತ್ತಾ ಅಂದರೋ ನೋಡಲು ಹೋಗಲಿಲ್ಲ. ಒಪ್ಪಿಗೆ ಸಿಕ್ಕಿತಲ್ಲ, ಅಷ್ಟೇ ಸಾಕಾಯಿತು.

ಮೊದಲ ಸಲ ಹೊರಡುವವರು ದೂರದ ಮೈಸೂರು, ಧರ್ಮಸ್ಥಳ ಅಂತ ಆಸೆಪಡಬಾರದು. ಬಸ್ ಪುಕ್ಕಟೆಯಾದರೂ ದೂರ ಹೋದಷ್ಟೂ ಊಟ, ವಸತಿ, ಆಟೋ ಎಲ್ಲವೂ ಏರುತ್ತವೆ. ರಾತ್ರಿ ಬಸ್ಸಿನಲ್ಲಿ ಹನ್ನೆರಡು ತಾಸು ನೆಟ್ಟಗೆ ಕುಳಿತು ಬಂದವರು ಮರುದಿನ ನೋಡುವುದು ದೇವರನ್ನಲ್ಲ, ತಮ್ಮ ಬಾತ ಕಾಲನ್ನು. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುವ ಊರು ಮೊದಲು. ಅದು ಸರಿಹೋದರೆ ಒಂದು ರಾತ್ರಿಯ ಊರು. ಆಮೇಲೆ ನಿಮ್ಮ ಧೈರ್ಯ. ಜನ ನಾಲ್ಕು ಇದ್ದರೆ ಚಲೋ. ನಾಲ್ವರು ಒಂದೇ ಆಟೋದಲ್ಲಿ ಹಿಡಿಸುತ್ತಾರೆ, ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಇಬ್ಬರು ಸಾಲಿನಲ್ಲಿ ನಿಂತರೆ ಇಬ್ಬರು ಚೀಲ ಕಾಯುತ್ತಾರೆ. ಹತ್ತು ಜನರಾದರೆ ಒಬ್ಬರ ಬಳೆ, ಇನ್ನೊಬ್ಬರ ಚಹ, ಮತ್ತೊಬ್ಬರ ತಲೆನೋವು ಅಂತ ದಿನವೇ ಮುಗಿಯುತ್ತದೆ.

ನಾವು ನಾಲ್ವರು, ಆ ದೊಡ್ಡವ್ವನನ್ನೂ ಸೇರಿಸಿಕೊಂಡು, ವಿಜಯಪುರಕ್ಕೆ ಹೋಗಿ ಬಂದ ಒಂದು ದಿನದ ಲೆಕ್ಕ ಕೊಡುತ್ತೇನೆ. ಬಸ್ಸಿಗೆ ಏನೂ ಇಲ್ಲ. ಗೋಳಗುಮ್ಮಟದ ಟಿಕೆಟ್ಟು ತಲೆಗೆ 25ರಂತೆ 100 ರೂಪಾಯಿ. ಇಬ್ರಾಹಿಂ ರೋಜಾಕ್ಕೂ ಅಷ್ಟೇ, 100. ಹದಿನೈದರೊಳಗಿನ ಮಕ್ಕಳಿಗೆ ಎರಡೂ ಕಡೆ ಪುಕ್ಕಟೆ. ಆಟೋಕ್ಕೆ 120, ಎರಡು ಸಲ ಚಹಕ್ಕೆ 80, ಬಾಳೆಹಣ್ಣಿಗೆ 60, ಸಿದ್ಧೇಶ್ವರ ಗುಡಿಯಲ್ಲಿ ಕಾಯಿ-ಕರ್ಪೂರಕ್ಕೆ 60, ಶೌಚಾಲಯಕ್ಕೆ 40. ಒಟ್ಟು 560, ತಲೆಗೆ 140 ರೂಪಾಯಿ ಬಿತ್ತು. ಬುತ್ತಿ ಒಯ್ಯದೆ ಖಾನಾವಳಿಯಲ್ಲಿ ಉಂಡಿದ್ದರೆ ತಲೆಗೆ ಇನ್ನೂ ನೂರು ಆಗುತ್ತಿತ್ತು.

ಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಹೊತ್ತೇರಿದರೆ ಶಾಲೆಯ ಹುಡುಗರ ಗದ್ದಲದಲ್ಲಿ ಪಿಸುಮಾತಿನ ಗ್ಯಾಲರಿಯ ಮಜಾ ಹೋಗಿಬಿಡುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ ಇದು. ಇಷ್ಟು ದೊಡ್ಡ ಗುಮ್ಮಟಕ್ಕೆ ಒಳಗೆ ಒಂದೂ ಕಂಬದ ಆಸರೆ ಇಲ್ಲ. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಕಡಿದಾಗಿವೆ, ಇಕ್ಕಟ್ಟು ಬೇರೆ. ಮೊಣಕಾಲು ನೋವಿನವರು ನಿಧಾನವಾಗಿ, ಅಂತಸ್ತಿಗೊಮ್ಮೆ ಕೂತು ಹತ್ತಬೇಕು. ನಮ್ಮ ದೊಡ್ಡವ್ವ ಹಾಗೆಯೇ ಹತ್ತಿದರು. ಮೇಲೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ "ಮಲ್ಲಯ್ಯಾ" ಅಂದರು. ಆಚೆ ಕಡೆ ನಿಂತಿದ್ದ ನಮಗೆ ಕಿವಿಯಲ್ಲೇ ಅಂದಂತೆ ಕೇಳಿಸಿತು. ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅದನ್ನೂ ನೋಡುವವರು ಬೇರೆ ದಿನ ಆರಿಸಿಕೊಳ್ಳಿ.

ಇಬ್ರಾಹಿಂ ರೋಜಾ ಊರಿನ ಇನ್ನೊಂದು ತುದಿಗೆ, ಪಶ್ಚಿಮಕ್ಕಿದೆ. ಗುಮ್ಮಟದಿಂದ ಅಲ್ಲಿಗೆ ನಡೆಯುವುದು ಬೇಡ, ಆಟೋ ಮಾಡಿ. ಹತ್ತುವ ಮೊದಲೇ ದರ ಮಾತಾಡಿ. ಆಟೋದವರು ‘ಎಲ್ಲಾ ತೋರಸ್ತೀನ್ರೀ ಅಕ್ಕಾರ’ ಅಂತ ದೊಡ್ಡ ಮೊತ್ತ ಹೇಳುತ್ತಾರೆ. ಒಂದೊಂದೇ ಜಾಗಕ್ಕೆ ಮಾತಾಡಿದರೆ ಅಗ್ಗ. ದಾರಿಯಲ್ಲೇ ಮಲಿಕ್-ಎ-ಮೈದಾನ್ ತೋಪು ಇದೆ, ಅತ್ತ ಬಾರಾಕಮಾನ್ ಇದೆ. ಈ ಎರಡಕ್ಕೂ ಟಿಕೆಟ್ಟಿಲ್ಲ. ನನ್ನನ್ನು ಕೇಳಿದರೆ ಗುಮ್ಮಟ ದೊಡ್ಡದು, ರೋಜಾ ಚೆಂದ. ಇಬ್ರಾಹಿಂ ಆದಿಲ್‌ಶಾಹನ ಹೆಂಡತಿ ತಾಜ್ ಸುಲ್ತಾನಾಳಿಗಾಗಿ ಕಟ್ಟಲು ತೊಡಗಿದ ಗೋರಿ ಅದು. 1627ರಲ್ಲಿ ತೀರಿಕೊಂಡ ಮೇಲೆ ಅವನನ್ನೂ ಅಲ್ಲಿಯೇ ಮಣ್ಣು ಮಾಡಿದರು. ಗೋಡೆಯ ಕಲ್ಲಿನಲ್ಲಿ ಜಾಲರಿಯಂತೆ ಕೊರೆದ ಅಕ್ಷರ ನೋಡಿ ಕಸೂತಿ ಬಲ್ಲ ನಮ್ಮ ಜೊತೆಗಾತಿ ಅರ್ಧ ತಾಸು ಅಲ್ಲೇ ನಿಂತುಬಿಟ್ಟಳು.

ಇನ್ನು ಬುತ್ತಿಯ ವಿಚಾರ. ಉತ್ತರ ಕರ್ನಾಟಕದವರಿಗೆ ಇದನ್ನು ಕಲಿಸಬೇಕಿಲ್ಲ, ಆದರೂ ಯಾವುದು ಎಷ್ಟು ತಾಸು ತಡೆಯುತ್ತದೆ ಎಂಬುದನ್ನು ಹೊಸಬರು ತಿಳಿದಿರಲಿ. ಮೆತ್ತನೆಯ ರೊಟ್ಟಿ ಅಂದಿನ ಮಧ್ಯಾಹ್ನಕ್ಕೆ ಮಾತ್ರ. ಕಡಕ್ ರೊಟ್ಟಿಗೆ ತಿಂಗಳಾದರೂ ಭಯವಿಲ್ಲ, ಅದರ ವೈರಿ ಎರಡೇ: ಒಂದು ತೇವ, ಇನ್ನೊಂದು ಬಸ್ಸಿನಲ್ಲಿ ಪಕ್ಕದವರ ಮೊಣಕೈ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಅಗಲ ಡಬ್ಬಿಯಲ್ಲಿ ಇಡಿ. ತಲೆಗೆ ದಿನಕ್ಕೆ ಐದರಂತೆ ಲೆಕ್ಕ ಹಾಕಿದರೆ ಸಾಕು. ಮುರಿದ ಚೂರು ಚೆಲ್ಲಬೇಡಿ. ದಾರಿಯಲ್ಲಿ ಮೊಸರು ಕೊಂಡು, ಶೇಂಗಾ ಹಿಂಡಿ ಉದುರಿಸಿ ಕಲಸಿದರೆ ಮಕ್ಕಳು ಅದನ್ನೇ ಮೊದಲು ಖಾಲಿ ಮಾಡುತ್ತಾರೆ.

ಗೋದಿ ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ನಾದಿ ಮಾಡಿದ ದಶಮಿ ಎರಡನೇ ದಿನಕ್ಕೂ ಮೆತ್ತಗಿರುತ್ತದೆ. ಎಣ್ಣಿಗಾಯಿ ಪಲ್ಯ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮುಗಿಸಿಬಿಡಿ, ಅದರಲ್ಲೂ ಹಸಿಕೊಬ್ಬರಿ ಹಾಕಿದ್ದಾದರೆ ಬಿಸಿಲಿಗೆ ಬೇಗ ಕೆಡುತ್ತದೆ. ಶೇಂಗಾ, ಗುರೆಳ್ಳು, ಅಗಸಿ ಈ ಮೂರರ ಹಿಂಡಿ ಎಷ್ಟು ದಿನವಾದರೂ ಸೈ. ಉಳ್ಳಾಗಡ್ಡಿಯನ್ನು ಹೆಚ್ಚಿ ಒಯ್ಯಬೇಡಿ, ಇಡಿಯಾಗಿ ಒಯ್ದು ಅಲ್ಲಿಯೇ ಗುದ್ದಿ ತಿನ್ನಿ. ಮೊಸರನ್ನ ಹುಳಿಯಾಗಬಾರದೆಂದರೆ ಬೆಳಿಗ್ಗೆ ಮೆತ್ತಗೆ ಮಾಡಿದ ಅನ್ನ ಆರಿಸಿ ಕಾಯಿಸಿದ ಹಾಲು ಹಾಕಿ ಕಲಸಿ, ಒಂದೇ ಚಮಚ ಮೊಸರು ಬೆರೆಸಿ ಡಬ್ಬಿ ಕಟ್ಟಿ. ಬಸ್ಸಿನಲ್ಲೇ ಹೆಪ್ಪಾಗಿ ಮಧ್ಯಾಹ್ನಕ್ಕೆ ಸರಿಯಾಗಿ ಮೊಸರನ್ನವಾಗಿರುತ್ತದೆ. ಸಿಹಿಗೆ ಮಾದಲಿ ಒಯ್ಯಿರಿ, ಹಾಲಿಲ್ಲದೆ ಬರೀ ಬಾಯಲ್ಲಿ ತಿಂದರೂ ಹೊಟ್ಟೆ ತುಂಬುತ್ತದೆ. ನೀರಿನ ಬಾಟಲಿ ಮನೆಯದೇ ಇರಲಿ. ಬಿಸಿಲಿನ ದಿನ ನಾಲ್ಕು ಜನರಿಗೆ ನೀರು ಕೊಳ್ಳುತ್ತಾ ಹೋದರೆ ಗುಮ್ಮಟದ ಟಿಕೆಟ್ಟಿಗಿಂತ ನೀರೇ ತುಟ್ಟಿಯಾಗುತ್ತದೆ.

ಒಂದು ರಾತ್ರಿಯ ಪ್ರವಾಸಕ್ಕೆ ನಮ್ಮ ಕಡೆಯವರಿಗೆ ಬಸವನ ಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ ಹೇಳಿ ಮಾಡಿಸಿದ ಹಾದಿ. ಬಸವಣ್ಣನವರು ಹುಟ್ಟಿದ ಊರಿನಿಂದ ಐಕ್ಯವಾದ ಊರಿಗೆ ಎರಡು ದಿನದಲ್ಲಿ ಹೋಗಿ ಬರಬಹುದು. ಬೆಳಿಗ್ಗೆ ಬಾಗೇವಾಡಿಯ ಗುಡಿ, ಸ್ಮಾರಕ ನೋಡಿ, ನಿಡಗುಂದಿ ಮೇಲೆ ಆಲಮಟ್ಟಿಗೆ ಹೋಗಿ. ಕೃಷ್ಣೆಗೆ ಕಟ್ಟಿದ ಈ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, ಜಲಾಶಯಕ್ಕೆ ಅವರದೇ ಹೆಸರು. ಮಳೆಗಾಲದ ಕೊನೆಗೆ ಹೋದರೆ ನೀರು ತುಂಬಿರುತ್ತದೆ, ಬೇಸಿಗೆಯಲ್ಲಿ ಹೋಗಿ ನಿರಾಸೆಯಾಯಿತು ಎನ್ನಬೇಡಿ. ಸಂಜೆಯ ಸಂಗೀತ ಕಾರಂಜಿ ಚೆಂದವೇನೋ ಹೌದು, ಆದರೆ ಅದಕ್ಕೆ ಕಾದು ಕೂತರೆ ಕೂಡಲಸಂಗಮದ ಬಸ್ಸು ತಪ್ಪುತ್ತದೆ. ನಾವು ಕಾರಂಜಿ ಬಿಟ್ಟೆವು. ಬೆಳಕಿರುವಾಗಲೇ ಉಳಿಯುವ ಊರು ಮುಟ್ಟಬೇಕು ಎಂಬುದನ್ನು ನಾನು ಯಾವ ಕಾರಂಜಿಗೂ ಬಿಟ್ಟುಕೊಡುವುದಿಲ್ಲ.

ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆ ಕೂಡುವ ಜಾಗಕ್ಕೆ ಸಂಜೆಯೇ ಹೋಗಿ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಉಳಿಸಲು ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಿ ದರ್ಶನ ಮಾಡಬೇಕು. ಊಟಕ್ಕೆ ದಾಸೋಹ ಇದೆ. ಪುಕ್ಕಟೆ ಅಂತ ಸುಮ್ಮನೆ ಉಂಡು ಬರದೆ ಕೈಲಾದಷ್ಟು ಹುಂಡಿಗೆ ಹಾಕಿ ಬನ್ನಿ. ವಸತಿಗೆ ಕೋಣೆ ಸಿಗುತ್ತವೆ, ಆದರೆ ಸಂಕ್ರಾಂತಿಯ ನದಿಸ್ನಾನಕ್ಕೆ, ಅಮಾವಾಸ್ಯೆಗೆ ಜನ ತುಂಬಿ ತುಳುಕುತ್ತಾರೆ. ಮೊದಲ ಸಲ ಹೋಗುವವರು ಆ ದಿನ ಬಿಡುವುದೇ ಒಳ್ಳೆಯದು. ಕೋಣೆ ಹಿಡಿಯುವ ಮೊದಲು ಬಾಗಿಲಿನ ಚಿಲಕ, ಸಂಡಾಸಿನಲ್ಲಿ ನೀರು ಈ ಎರಡನ್ನು ನೋಡಿ, ಆಮೇಲೆ ದುಡ್ಡು ಕೊಡಿ. ನಮ್ಮ ನಾಲ್ವರ ಎರಡು ದಿನದ ಖರ್ಚು ಹೀಗಿತ್ತು: ಕೋಣೆಗೆ 600, ಆಟೋಕ್ಕೆ 240, ಹುಂಡಿಗೆ 200, ಚಹ-ಚುರಮುರಿಗೆ 160, ಉದ್ಯಾನದ ಟಿಕೆಟ್ಟಿಗೆ 120, ಶೌಚಾಲಯಕ್ಕೆ 60. ಒಟ್ಟು 1,380 ಆಗಿ ತಲೆಗೆ 345 ಬಂತು.

ಈ 345 ರೂಪಾಯಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರವಾಸಕ್ಕೆ ಅಂತ ಮನೆಯಲ್ಲಿ ಕೈಚಾಚಿದರೆ ಕೊಡುವವರು ಕಡಿಮೆ, ಕೊಟ್ಟರೂ ಆಡಿ ತೋರಿಸುವವರು ಹೆಚ್ಚು. ನಾವು ನಾಲ್ವರು ಒಂದು ಸಣ್ಣ ಭಿಶಿ ಮಾಡಿದ್ದೇವೆ. ತಿಂಗಳಿಗೆ ತಲೆಗೆ 60 ರೂಪಾಯಿ, ಚೀಟಿ ಎತ್ತುವುದಿಲ್ಲ, ಯಾರಿಗೂ ಸಾಲ ಕೊಡುವುದಿಲ್ಲ. ಆರು ತಿಂಗಳಿಗೆ 360 ಆಗುತ್ತದೆ. ಸಾಲ ಕೊಡಬಾರದು ಎಂಬ ಕರಾರು ಮುಖ್ಯ. ಒಮ್ಮೆ ಒಬ್ಬರಿಗೆ ಕೊಟ್ಟಿರೋ, ಪ್ರವಾಸವೂ ಹೋಯಿತು, ಗೆಳೆತನವೂ ಹೋಯಿತು.

ಮನೆಯ ವ್ಯವಸ್ಥೆ ಮಾಡದೆ ಹೊರಡಬಾರದು ಎಂದು ಹಿರಿಯರು ಹೇಳುತ್ತಾರೆ. ಸರಿಯೇ. ಆದರೆ ಎರಡು ದಿನಕ್ಕೆ ಎಂಟು ದಿನದ ಅಡಿಗೆ ಮಾಡಿಟ್ಟು, ಹೊರಡುವ ಹೊತ್ತಿಗೆ ನಿತ್ರಾಣವಾಗುವ ಅಕ್ಕಂದಿರನ್ನು ನೋಡಿದ್ದೇನೆ. ಕಡಕ್ ರೊಟ್ಟಿ, ಹಿಂಡಿ, ಮೊಸರು ಇದ್ದರೆ ಎರಡು ದಿನ ಯಾವ ಗಂಡಸೂ ಉಪವಾಸ ಬೀಳುವುದಿಲ್ಲ. ಒಂದು ಸಾರು ಕಾಯಿಸುವುದನ್ನು ಮಗನಿಗೆ ಕಲಿಸಿದರೆ ಮುಂದೆ ಸೊಸೆಯೂ ನಿಮ್ಮ ಹೆಸರು ಹೇಳುತ್ತಾಳೆ. ಹೊಲ-ಮನೆ ಎರಡೂ ಇರುವವರು ಜೋಳದ ರಾಶಿಯ ದಿನ ಬಿಟ್ಟು, ದಸರೆಯ ಮೇಲೆ ಬಿತ್ತಿಗೆ ಮುಗಿದಾಗ ಹೊರಡಬಹುದು. ಏಪ್ರಿಲ್-ಮೇ ನಮ್ಮ ಕಡೆ ತಿರುಗಾಡುವ ಕಾಲವೇ ಅಲ್ಲ.

ಮಹಾರಾಷ್ಟ್ರದ ಕಡೆ ಪಂಢರಪುರ, ತುಳಜಾಪುರಕ್ಕೆ ಹೋಗುವವರು ಶಕ್ತಿ ಯೋಜನೆ ಅಲ್ಲಿ ನಡೆಯದು ಎಂದು ತಿಳಿದಿರಬೇಕು. ಸೋಲಾಪುರದಿಂದ ಮುಂದೆ ಅವರ ಎಸ್.ಟಿ. ಬಸ್ಸು ಹತ್ತಿದರೆ, ಆ ರಾಜ್ಯದ ಗಡಿಯೊಳಗೆ ಹೆಂಗಸರಿಗೆ ಅರ್ಧ ಟಿಕೆಟ್ಟು ಎಂದು 2023ರ ಮಾರ್ಚಿನಲ್ಲಿ ಮಾಡಿದ್ದಾರೆ, ಹತ್ತುವಾಗ ಕೇಳಿಕೊಳ್ಳಿ. ವಿಜಯಪುರ, ಇಂಡಿ ರೋಡ್ ಮೇಲೆ ಸೋಲಾಪುರಕ್ಕೆ ರೈಲೂ ಇದೆ. ಸಾಮಾನ್ಯ ಡಬ್ಬಿಯ ಟಿಕೆಟ್ಟು ಬಸ್ಸಿಗಿಂತ ಅಗ್ಗ. ಐದರೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ಟಿಲ್ಲ. ವಯಸ್ಸಾದವರಿಗೆ ರೈಲಿನಲ್ಲಿ ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು, ಅತ್ತೆಯವರನ್ನು ಹಳೆಯ ಲೆಕ್ಕ ಹಿಡಿದು ಕರೆದೊಯ್ಯಬೇಡಿ.

ಅತ್ತೆಯವರ ಮಾತು ಬಂದಿತಲ್ಲ, ಒಂದು ಹೇಳಲೇಬೇಕು. ಕಡಿಮೆ ಖರ್ಚಿನ ಪ್ರವಾಸ ನಾವು ಕಂಡುಹಿಡಿದದ್ದಲ್ಲ. ಯುಗಾದಿಗೆ ಶ್ರೀಶೈಲಕ್ಕೆ ಕಂಬಿ ಹೊತ್ತವರ ಹಿಂದೆ ನಡೆದುಕೊಂಡೇ ಹೋಗುವ ಹೆಂಗಸರು ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ. ಭ್ರಮರಾಂಬೆ ನಮ್ಮ ನಾಡಿನ ಮಗಳು ಎಂಬ ನಂಬಿಕೆಯಿಂದ ಅವಳಿಗೆ ಸೀರೆ, ಬಳೆ, ಅರಿಷಿಣ-ಕುಂಕುಮ ಒಯ್ಯುತ್ತಾರೆ. ಅಂಥವರ ಹತ್ತಿರ ಕೂತು ಕೇಳಿ. ಹರಿದ ಚಪ್ಪಲಿಗಿಂತ ಹೊಸ ಚಪ್ಪಲಿ ಅಪಾಯ, ರಾತ್ರಿ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು, ಹೆಗಲಿನ ಚೀಲದಲ್ಲಿ ಒಂದು ಸೀರೆ ಸಾಕು, ಇಂಥವನ್ನೆಲ್ಲ ಅವರು ಹೇಳಿಕೊಟ್ಟಷ್ಟು ಚೆನ್ನಾಗಿ ಯಾರೂ ಹೇಳಲಾರರು.

ದುಡ್ಡನ್ನು ಮೂರು ಕಡೆ ಇಡಿ. ಸ್ವಲ್ಪ ಪರ್ಸಿನಲ್ಲಿ, ಸ್ವಲ್ಪ ಚೀಲದ ತಳದಲ್ಲಿ, ತಿರುಗಿ ಬರುವಷ್ಟು ಮೈಮೇಲೆ. ಫೋನಿನಿಂದ ದುಡ್ಡು ಕಳಿಸಲು ಬಂದರೂ ಹತ್ತು-ಇಪ್ಪತ್ತರ ನೋಟು, ಚಿಲ್ಲರೆ ಇರಲಿ. ಶೌಚಾಲಯದ ಬಾಗಿಲಲ್ಲಿ ಫೋನು ತೆಗೆದು ನಿಲ್ಲುವಷ್ಟು ತಾಳ್ಮೆ ಯಾರಿಗಿರುತ್ತದೆ? ಮೈಮೇಲಿನ ಬಂಗಾರ ಮನೆಯಲ್ಲೇ ಇರಲಿ, ತಾಳಿ ಕರಿಮಣಿಯದಿದ್ದರೆ ಸಾಕು. ಶೌಚಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಕೂರುವ ಚಾಳಿ ನಮ್ಮಲ್ಲಿ ಬಹಳ ಜನರಿಗಿದೆ. ಉರಿಮೂತ್ರ ಹತ್ತಿದರೆ ದವಾಖಾನೆಯ ಖರ್ಚು ಪ್ರವಾಸದ್ದಕ್ಕಿಂತ ಹೆಚ್ಚು. ಬಸ್‌ಸ್ಟ್ಯಾಂಡ್ ಬಂದಾಗಲೆಲ್ಲ ಇಳಿದು ಹೋಗಿ ಬನ್ನಿ, ಜೊತೆಯವರೊಬ್ಬರು ಸೀಟು ಹಿಡಿದಿರಲಿ. ಹೋದ ಊರಲ್ಲಿ ಇಳಿದ ಕೂಡಲೆ ಮಾಡುವ ಮೊದಲ ಕೆಲಸ, ತಿರುಗಿ ಬರುವ ಕೊನೆಯ ಬಸ್ಸಿನ ವೇಳೆ ವಿಚಾರಿಸುವುದು. ಅದಕ್ಕಿಂತ ಒಂದು ಬಸ್ಸು ಮೊದಲೇ ಹೊರಡಿ.

ಎರಡು ಸಲ ಹೋಗಿ ಬಂದು ರೂಢಿಯಾದವರು ಬಾದಾಮಿಗೆ ಹೋಗಬಹುದು. ಅಲ್ಲಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಪಕ್ಕದಲ್ಲೇ ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆಗೆ ಹೋದರೆ ನಾಟಕ ಕಂಪನಿಗಳೂ ಇರುತ್ತವೆ, ಆದರೆ ಮಲಗಲು ಜಾಗ ಸಿಗುವುದು ಕಷ್ಟ. ಜಾತ್ರೆ ಇಲ್ಲದಾಗ ಹೋಗಿ. ಅಲ್ಲಿ ಮಾತ್ರ ಬುತ್ತಿ ಬಿಚ್ಚಬೇಡಿ. ಗುಡಿಯ ಹೊರಗೆ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಖಾರ, ಗಡಿಗೆ ಮೊಸರು ಹೊತ್ತು ತಂದು, "ಬಾ ಯಕ್ಕಾ, ಉಣ್ಣ ಬಾ" ಅಂತ ಕರೆಯುತ್ತಾರೆ. ದಿನವೂ ರೊಟ್ಟಿ ಬಡಿಯುವ ಕೈಗೆ ಇನ್ನೊಬ್ಬಳು ಬಡಿದ ರೊಟ್ಟಿ ಸಿಗುವ ದಿನ ಅದು. ಅವರ ಹತ್ತಿರ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು, ಮರದ ನೆರಳಿಗೆ ಕೂತು ಉಣ್ಣಿ. ಮೊಸರು ಎರಡನೇ ಸಲವೂ ಕೇಳಿದರೆ ಹಾಕುತ್ತಾರೆ.